ಕೋತಿಗೊಡ್ಡಿದ ಒಗಟು

ಕೋತಿಯೇ ಇಲ್ಲದ ಊರು ನಮ್ಮದು, ವೇಲ್ಸಿನ ಕಡಲಂಚು.
ಕುರಿ ಉಂಟು, ಕಡಲಕಾಗೆ ಉಂಟು, ಉಪ್ಪುಗಾಳಿ ಉಂಟು.
ಆದರೂ ಆ ಮರಕ್ಕಿಟ್ಟ ಹೆಸರು ಕೋತಿಯೊಗಟು:
ಹತ್ತುವುದೆಲ್ಲಿ, ಇಳಿಯುವುದೆಲ್ಲಿ ಎಂದು
ಮಂಗವೂ ತಲೆ ಕೆರೆದುಕೊಳ್ಳಬೇಕಂತೆ.

ಇಡ್ವಾಲ್ ಅದನ್ನು ತಂದದ್ದು ಬಸ್ಸಿನಲ್ಲಿ,
ತಾನೇ ಓಡಿಸುವ ಬಸ್ಸಿನಲ್ಲಿ, ತನ್ನ ಸೀಟಿನ ಹಿಂದೆ ಕುಂಡವಿಟ್ಟು,
ಅತ್ತ ಕೂತವರ ಕಾಲುಚೀಲ ಹರಿಸುತ್ತ.
ನೆಸ್ಟಾ ಕಿಟಕಿಯಿಂದ ಅಳೆದಳು: ಏಳೇ ಹೆಜ್ಜೆ.
"ಮೂವತ್ತು ವರ್ಷಕ್ಕೆ ಇದು ನನ್ನ ಕಡಲು ನುಂಗುತ್ತದೆ."
"ಮೂವತ್ತು ವರ್ಷ ತಾನೆ?" ಅಂದ, ಗುಂಡಿಯೊಳಗಿಂದ.
ಮಾತು ಅಲ್ಲಿಗೆ ನಿಂತಿತು.
ಮರ ನಿಲ್ಲಲಿಲ್ಲ.

ಎಲೆ ಉದುರಿಸಿ ಹಗುರಾಗುವ ಜಾತಿಯಲ್ಲ ಅದು.
ಒಂದೊಂದು ಎಲೆ ಹತ್ತು ಹದಿನೈದು ವರ್ಷ
ಅದೇ ಕೊಂಬೆ ಕಚ್ಚಿಕೊಂಡು, ಅದೇ ಹಸಿರು, ಅದೇ ಚೂಪು.
ನೆಸ್ಟಾಳ ಸಿಟ್ಟಿನ ಹಾಗೆ, ಅನ್ನುತ್ತಿದ್ದರು ಬೀದಿಯವರು.
ಇಡ್ವಾಲನ ಮೌನದ ಹಾಗೆ, ಅನ್ನುತ್ತೇನೆ ನಾನು.

ಶಾಲೆಗೆ ಹೋಗುವಾಗ ನಮಗೊಂದು ಕಟ್ಟಳೆ:
ಆ ಬೇಲಿ ದಾಟುವ ತನಕ ತುಟಿಪಿಟಕ್ಕೆನ್ನಬಾರದು,
ಅಂದವನಿಗೆ ಬಾಲ ಮೊಳೆಯುತ್ತದೆ.
ಗೆಥಿನ್ ಒಮ್ಮೆ ಸೀನಿದ.
ಸೀನು ಮಾತೋ ಅಲ್ಲವೋ ಎಂದು ಸಂಜೆವರೆಗೆ ವಾದ;
ರಾತ್ರಿ ಸ್ನಾನದ ಮನೆಯಲ್ಲಿ ಅವನು
ಬೆನ್ನ ತುದಿ ಮುಟ್ಟಿ ಮುಟ್ಟಿ ನೋಡಿಕೊಂಡನಂತೆ.
ಮನೆಯೊಳಗೂ ಅದೇ ಕಟ್ಟಳೆ ನಡೆದಿದೆಯೆಂದು
ನಮಗೇನು ಗೊತ್ತು.

ಈಗ ಮರ ಕೊಯ್ಯುವುದೇ ನನ್ನ ಕಸುಬು.
ನೆಸ್ಟಾ ಫೋನಿನಲ್ಲಿ ಒಂದೇ ಮಾತು: "ಆ ದಾಂಡಿಗನನ್ನು ಉರುಳಿಸು."
ಹಗ್ಗ, ಗರಗಸ, ಎರಡು ಜೊತೆ ಕೈಗವಸು.
ಒಂದೊಂದು ಸುತ್ತಿಗೂ ತೋಳು ತರಚಿ,
ಬುಡದಿಂದ ಯಾರೂ ಕಾಣದ ನೆತ್ತಿಗೆ ಬಂದರೆ
ಎಳೆಮಗುವಿನ ತಲೆಯಷ್ಟು ಗುಂಡು ಕಾಯಿ,
ಒಂದಲ್ಲ, ಹನ್ನೊಂದು.
ಗಂಡೋ ಹೆಣ್ಣೋ ಎಂದು ಮೂವತ್ತು ನಲವತ್ತು ವರ್ಷ
ಬಾಯಿಬಿಡದ ಮರ.
ಕಟ್ಟಳೆ ಮರೆತು ಕೂಗಿಬಿಟ್ಟೆ:
"ಇದು ಹೆಣ್ಣು, ಮಿಸೆಸ್ ಪ್ರದೆರ್ಖ್!"

ನೆಸ್ಟಾ ಚಪ್ಪಲಿಯಿಲ್ಲದೆ ಹೊರಗೆ ಬಂದಳು.
"ಗೊತ್ತಿತ್ತು," ಅಂದ ಇಡ್ವಾಲ್, ಶೆಡ್ಡಿನ ಬಾಗಿಲಲ್ಲಿ,
ಕೈಯಲ್ಲೊಂದು ತುಕ್ಕುಹಿಡಿದ ಬಿಸ್ಕತ್ತಿನ ಡಬ್ಬಿ.
ಆರು ವರ್ಷ ಹುಲ್ಲಿನಿಂದ ಹೆಕ್ಕಿದ ಬೀಜ.
"ಎಲ್ಲ ಜೊಳ್ಳು. ಗಂಡುಮರ ಹತ್ತಿರದಲ್ಲೆಲ್ಲೂ ಇಲ್ಲ."
ಸ್ವಲ್ಪ ತಡೆದು, "ಆದರೂ."

ಅವಳು ಡಬ್ಬಿ ಇಸಿದುಕೊಂಡಳು. ಅಲ್ಲಾಡಿಸಿ ಕೇಳಿದಳು.
ಬೈಯುತ್ತಾಳೆಂದು ನಾನು ಕೊಂಬೆ ಬಿಗಿಹಿಡಿದೆ.
"ಅಲ್ಲಿಂದ ಏನು ಕಾಣುತ್ತದೋ?" ಎಂದು ಕೂಗಿದಳು ಮೇಲಕ್ಕೆ.
"ಕಡಲು," ಅಂದೆ. "ಇಷ್ಟಗಲ."
"ಹಾಗಾದರೆ ಕೆಳಗಿನ ನಾಲ್ಕು ಸುತ್ತು ಮಾತ್ರ ತೆಗೆ.
ನೀರಿಗಿಳಿಯುವವಳು ಲಂಗ ಎತ್ತಿದ ಹಾಗಿರಲಿ.
ನಾನು ಕಾಲ ಸಂದಿನಿಂದ ನೋಡಿಕೊಳ್ಳುತ್ತೇನೆ."

ಅಂಟು ಬೆರಳಿಗೆ, ಗೀರು ಮೊಣಕೈಗೆ.
ರಾತ್ರಿ ಸ್ನಾನದ ಮನೆಯಲ್ಲಿ, ಯಾರಿಗೂ ಹೇಳಬೇಡಿ,
ಬೆನ್ನ ತುದಿ ಒಮ್ಮೆ
ಮುಟ್ಟಿ ನೋಡಿಕೊಂಡೆ.