ಗಿಡ್ಡ ಕುರ್ಚಿ

ಹಗಲಿನಲ್ಲಿ ನನ್ನದು ಹಡಗಿನ ವಿಮೆಯ ಕಸುಬು.
ಅದಿರು ತುಂಬಿದ ಒಡಲು ಬಿರುಕು ಬಿಟ್ಟರೆ
ತಪ್ಪು ಅಲೆಯದೋ ಬೆಸುಗೆಯದೋ ಎಂದು
ಪುಟಗಟ್ಟಲೆ ವಾದಿಸಿ
ಗಂಟೆಗಿಷ್ಟು ಎಂದು ಬಿಲ್ಲು ಕಳಿಸುವವನು.

ಗುರುವಾರ ಸಂಜೆ ಆರಕ್ಕೆ
ಡುಲೂತಿನ ಗ್ರಂಥಾಲಯದ ನೆಲಮಾಳಿಗೆಗೆ ಇಳಿಯುತ್ತೇನೆ.
ಮಕ್ಕಳಿಗೆ ಕಥೆ ಹೇಳುವ ಕೋಣೆ ಅದು.
ಗೋಡೆಗೆ ಬಟ್ಟೆಯ ಜಿರಾಫೆ,
ಮೊಣಕಾಲು ಗಲ್ಲಕ್ಕೆ ತಾಗುವ ಗಿಡ್ಡ ಕುರ್ಚಿ.
ಮೇಜಿನ ಎರಡೂ ಕಡೆ ಒಂದೇ ಎತ್ತರ,
ಅದೊಂದು ಲಾಭ.

ಮೊದಲ ವಾರ ನನಗೇನೂ ಗೊತ್ತಿರಲಿಲ್ಲ.
ಬಾಡಿಗೆ ಕಾಯಿದೆಯನ್ನು ಹಿಂದಿನ ರಾತ್ರಿ
ಫೇಲಾದ ಹುಡುಗನಂತೆ ಉರು ಹೊಡೆದಿದ್ದೆ.
ವೆರ್ನಾ ಬೋಶೇ ಕೂರುವ ಮೊದಲೇ ಕೇಳಿದಳು:
"ಕದ್ದವನಿಗೆ ಸರ್ಕಾರ ವಕೀಲನನ್ನು ಕೊಡುತ್ತದಂತೆ.
ಬಾಡಿಗೆ ಬಾಕಿಯವಳಿಗೆ ಯಾಕಿಲ್ಲ?"
ಉತ್ತರ ಗೊತ್ತಿತ್ತು.
ಹೇಳಲು ನಾಚಿಕೆಯಾಯಿತು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಿಸುವ ಕೈ.
ಮನೆ ಖಾಲಿ ಮಾಡೆಂಬ ನೋಟೀಸನ್ನೂ ಹಾಗೇ ಮಡಿಸಿದ್ದಳು,
ಅಂಚಿಗೆ ಅಂಚು, ಎಂಟು ಪದರ.
ಬ್ರೆಡ್ಡಿನ ಚೀಲದಿಂದ ಒಂದೊಂದೇ ಹೊರಬಂತು:
ರಸೀದಿಗಳು, ಬಾಡಿಗೆಯಲ್ಲಿ ಮುರಿದುಕೊಂಡ
ಎರಡು ಹೀಟರಿನ ಬಿಲ್ಲು,
ತಳದಲ್ಲಿ ರಬ್ಬರ್ ಬ್ಯಾಂಡು ಬಿಗಿದ ಚೀಟಿಗಳ ಕಂತೆ.
"ಇದು ಬೇಡವೇನೋ," ಅಂದಳು.

ಲಾಂಡ್ರಿ ಚೀಟಿಗಳ ಬೆನ್ನಿಗೆ ಪೆನ್ಸಿಲ್ಲಿನಲ್ಲಿ:
ಜನವರಿ ಒಂಬತ್ತು. ಅಡಿಗೆಮನೆ ನಲವತ್ತೆಂಟು. ಫೋನು ಮಾಡಿದೆ.
ಜನವರಿ ಹತ್ತು. ನಲವತ್ತು. ನಾಳೆ ಬರ್ತಾರಂತೆ.
ಜನವರಿ ಹದಿಮೂರು. ಮೂವತ್ತೊಂದು.
ನಾಯಿಯ ಬಟ್ಟಲಲ್ಲಿ ನೀರು ಕಲ್ಲಾಗಿದೆ.

ಹತ್ತೊಂಬತ್ತು ರಾತ್ರಿ, ಹತ್ತೊಂಬತ್ತು ಚೀಟಿ.
ಕಪ್ತಾನರ ದಿನಚರಿ ಓದಿ ಓದಿ ಕಣ್ಣು ಸವೆದವನು ನಾನು,
ಇಷ್ಟು ನೆಟ್ಟಗಿನ ದಿನಚರಿ ಕಂಡಿರಲಿಲ್ಲ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ
ಅನ್ನುತ್ತಾರಲ್ಲ,
ಅದು ಅಲ್ಲಿಯವರೆಗೆ ಬಂದವರ ಮಾತು.
ಉಳಿದವರಿಗೆ ಪಾಳಿ ಇರುತ್ತದೆ, ಕೂಸು ಇರುತ್ತದೆ,
ಬಸ್ಸು ಇರುವುದಿಲ್ಲ.
ಹೆಸರು ಕೂಗುತ್ತಾರೆ, ಇನ್ನೊಮ್ಮೆ ಕೂಗುತ್ತಾರೆ,
ಹೆಸರಿನ ಮುಂದೆ ಒಂದು ಗೆರೆ.
ಬೀಗ ಬದಲಾಯಿಸಲು ಅಷ್ಟು ಸಾಕು.

ವೆರ್ನಾ ಬಂದಳು, ಪಾಳಿ ಬಿಟ್ಟು, ಸಂಬಳ ಬಿಟ್ಟು.
ಮನೆಮಾಲೀಕರ ಕಂಪನಿಯ ವಕೀಲನಿಗೆ
ಅವತ್ತು ಮೂವತ್ತು ಫೈಲು, ತಳ್ಳುಗಾಡಿಯಲ್ಲಿ.
ಹೊರಗೆ ಕಾರಿಡಾರಿನ ಬೆಂಚಿನ ಮೇಲೆ
ಚೀಟಿಗಳನ್ನು ತಾರೀಖಿನಂತೆ ಹರಡಿದೆ.
ಎಂಟನೆಯದನ್ನು ಓದಿ ಅವನು ಕನ್ನಡಕ ತೆಗೆದ.
ಒಳಗೆ ವಿಚಾರಣೆ ನಾಲ್ಕೇ ನಿಮಿಷ.

ಕೇಸು ವಾಪಸ್ಸು. ದಾಖಲೆಯಿಂದ ಅವಳ ಹೆಸರು ತೆಗೆದರು.
ಕರಾರು ಮಾತ್ರ ಮುಂದುವರಿಸುವುದಿಲ್ಲವಂತೆ,
ಬೇರೆ ಮನೆ ನೋಡಿಕೊಳ್ಳಬೇಕು.
ನಾವು ಗೆದ್ದದ್ದು ಇಷ್ಟು:
ಹಿಮದಲ್ಲಿ ಹೊರಡಬೇಕಾದವಳು
ಮೇ ತಿಂಗಳಲ್ಲಿ ಹೊರಡುತ್ತಾಳೆ.

"ಎಷ್ಟಾಯಿತು?" ಪರ್ಸು ಬಿಚ್ಚಿದಳು.
ಏನಿಲ್ಲ ಅಂದೆ.
"ಏನಿಲ್ಲ ಅಂದರೆ ನನಗೆ ಕಷ್ಟ," ಎಂದು
ನನ್ನ ಕೊರಳಿನ ಮಫ್ಲರು ಎಳೆದುಕೊಂಡು
ಮೆಟ್ಟಿಲ ಮೇಲೇ ಮಡಿಸಿ,
ಅಂಚಿಗೆ ಅಂಚು, ಕೈಗಿಟ್ಟಳು.
ಚಳಿಯಲ್ಲಿ ಅದನ್ನು ಹಿಡಿದುಕೊಂಡೇ ನಡೆದೆ.

ಇದನ್ನು ಇಲ್ಲಿಗೆ ಮುಗಿಸಬಹುದಿತ್ತು.

ಆದರೆ ಎಲ್ರಾಯ್ ಕಿವೆಲಾ ಬಂದ,
ಸಾಲದ ಕಂಪನಿಯ ಕಾಗದ ಹಿಡಿದು.
ಎಂದೋ ತೀರಿಸಿದ ಸಾಲ, ರಸೀದಿಯೂ ಇತ್ತು.
ಉತ್ತರ ಕೊಡುವ ಗಡುವು ಮಾತ್ರ ಮಂಗಳವಾರಕ್ಕೆ ಮುಗಿದಿತ್ತು.
ಅವನು ಗುರುವಾರದವರೆಗೆ ಕಾದಿದ್ದ,
ನಮ್ಮ ಬಾಗಿಲ ಮೇಲೆ ಗುರುವಾರ ಎಂದು ಬರೆದಿತ್ತಲ್ಲ, ಅದಕ್ಕೆ.

ಅರ್ಜಿ ಹಾಕಿ ನೋಡೋಣ, ಖಾತ್ರಿಯಿಲ್ಲ ಅಂದೆ.
"ಆಗಲಿ," ಅಂದ.
ಎದ್ದು, ಗಿಡ್ಡ ಕುರ್ಚಿಯನ್ನು ಎತ್ತಿ
ಜಿರಾಫೆಯ ಕೆಳಗೆ ಉಳಿದವುಗಳ ಸಾಲಿಗೆ ಸೇರಿಸಿಟ್ಟು ಹೋದ.

ಮಂಗಳವಾರವೂ ಕೋಣೆ ಸಿಗಬಹುದೇ
ಎಂದು ಗ್ರಂಥಪಾಲಕಿಯನ್ನು ಕೇಳಿದ್ದೇನೆ.
ಏಳರವರೆಗೆ ಮಕ್ಕಳ ಕಥೆಯಂತೆ.
ಆಮೇಲೆ ನೋಡೋಣ, ಅಂದಿದ್ದಾಳೆ.