ಕೆಂಪು ಕಂದೀಲು

ರಾಯಚೂರಿನ ಆಚೆ, ಎರಿಹೊಲದ ನಡುವ
ಕಲ್ಲು ಕುಟ್ಟಿ ಹಾಸಿದ ಅಗಲ ಹಾದಿ.
ಯಾವೂರಿಗೂ ಹೋಗಂಗಿಲ್ಲ ಅದು.

ಯುದ್ಧದ ಕಾಲಕ್ಕ ಜಮಾಲಪ್ಪಂದು
ದೀಪದ ಕೆಲಸ. ಕತ್ತಲಾತಂದ್ರ
ಎರಡೂ ಬದಿಗೆ ಸಾಲು ಕಂದೀಲು;
ಇಳೀಬ್ಯಾಡ ಅನ್ನಾಕ
ಕೆಂಪು ಗಾಜಿಂದು ಬ್ಯಾರೆ.
ಬಂದ ವಿಮಾನ ಬೆರಳೆಣಿಕಿ.
ಉಳಿದ ರಾತ್ರಿ ಎಲ್ಲಾ
ರೆಕ್ಕಿಹುಳ ಬಂದು ಇಳಿದ್ವು.

ಯುದ್ಧ ಮುಗೀತಂತ ಅವಗ ಯಾರೂ ಹೇಳಲಿಲ್ಲ.
ಸೀಮೆಎಣ್ಣಿ ಬರೂದು ನಿಂತಿತು,
ಅಷ್ಟ.

ಈಗ ಮೊಮ್ಮಗಳು ಖಾಜಮ್ಮ
ಬಿರುಕಿನ ಹುಲ್ಲು ಕಿತ್ತು, ಕಸ ಹೊಡದು
ಆ ತುದಿತನಕ ಮೆಣಸಿನಕಾಯಿ ಹರವ್ಯಾಳ.
ಘಾಟಿಗೆ ನಾಕು ಸಲ ಸೀನಿ
ಸೆರಗಿಲೆ ಕಣ್ಣೊರಸಿ ಮ್ಯಾಲ ನೋಡ್ತಾಳ:
ಹೈದರಾಬಾದಿನ ಕಡೆ ಹೊಂಟ
ಸೂಜಿಯಷ್ಟು ಬೆಳಕು.

ಅಲ್ಲಿ ಕುಂತವರಿಗೆ
ಹ್ಯಾಂಗ ಕಾಣ್ತದೋ
ಇಷ್ಟಗಲ ಕೆಂಪು.