ಒತ್ತಿ, ಒಂದು ಉಸಿರು ತಡಿ

ಹುಬ್ಬಳ್ಳಿ ಯಾರ್ಡಿನಾಗ ನನ್ನ ಮೊದಲ ರಾತ್ರಿಪಾಳಿ.
ರಿಜಿಸ್ಟರಿಗೆ ಸಹಿ ಮಾಡಿಸಿಕೊಂಡು
ಕೈಗೆ ಕೊಟ್ಟರು ವಾಕಿಟಾಕಿ, ನಂಬರ್ ಹದಿನೇಳು.
ನಮ್ಮವ್ವನ ಅಡಕೊತ್ತಿಗಿಂತ ಭಾರ.
ಹಿಡಿಯೂದು ಹೆಂಗಂತ ಕಲಿಸಿದಾಂವ
ಶಂಟಿಂಗ್ ಮಾಸ್ತರ ಇಮಾಮಹುಸೇನ ಕಾಕಾ.
ಅಂವನ ನೌಕರಿ ಇನ್ನ ಹನ್ನೊಂದು ದಿನ ಉಳದಿತ್ತು.

"ನೆಟ್ಟಗ ಹಿಡಿ, ಕಸ್ತೂರೆವ್ವಾ. ಕೊಂಬು ಮ್ಯಾಲ ಇರಲಿ.
ಕೊಂಬು ಹಿಡದು ಎತ್ತಬ್ಯಾಡ, ಅದೇನು ಟಗರಲ್ಲ.
ಬಾಯಿಗೂ ಇದಕ್ಕೂ ನಡುವ ಮೂರು ಬೆರಳು ಜಾಗಾ.
ಚೀರಬ್ಯಾಡ. ಚೀರಿದ್ರ ಆ ಕಡೆ
ಬರೇ ಜೋಳ ಹುರದ ಸಪ್ಪಳ.
ಗುಂಡಿ ಒತ್ತು, ಒಂದು ಉಸಿರು ತಡಿ, ಆಮ್ಯಾಲ ಮಾತಾಡು.
ತಡೀಲಿಲ್ಲಂದ್ರ ಮಾತಿನ ತಲಿ ಹಾರಿಹೋಗತೈತಿ.
ಹದಿನಾಲ್ಕನೇ ಲೈನ್ ಅಂತೀ ನೀನು,
ಅಂವಗ ಕೇಳೂದು ನಾಲ್ಕನೇ ಲೈನ್.
ನಾಲ್ಕರಾಗ ಮಂದಿ ಕುಂತ ಗಾಡಿ ನಿಂತಿರತೈತಿ."

ಅಂವನ ಕೆಳತುಟಿಗೆ ಜೋಳದ ಕಾಳಿನಷ್ಟು ಬಿಳಿ ಕಲೆ.
ರಬ್ಬರ್ ಸುಲಿದ ಕೊಂಬು ತಾಗಿ ಸುಟ್ಟದ್ದು.
"ಹರಕ ಸೆಟ್ಟು ಕೊಟ್ರ ತಗೋಬ್ಯಾಡ.
ಸಾಹೇಬ ಬೈದ್ರ ಬೈಲಿ. ತುಟಿ ನಿಂದು."

ಎರಡನೇ ದಿನ ಬಿಡಿ ಬ್ಯಾಟರಿ
ಚೀಲದಾಗ ಹಾಕ್ಕೊಂಡಿದ್ದೆ, ಮನಿ ಕೀಲಿ, ಚಿಲ್ಲರ ಜೋಡಿ.
ಚಹಾ ಕುಡದು ಬರೂದ್ರಾಗ
ಚೀಲ ಜ್ವರ ಬಂದ ಕೂಸಿನ ಮೈಯಂಗ ಬಿಸಿ.
ಕಾಕಾ ನಗಲಿಲ್ಲ.
ತನ್ನ ಚಷ್ಮಾದ ಡಬ್ಬಿ ಖಾಲಿ ಮಾಡಿ ಕೊಟ್ಟ,
"ಇದರಾಗ ಒಂದೇ ಇಡು."
ಎಣ್ಣಿ ಟ್ಯಾಂಕರ್ ಸಾಲು ದಾಟುವಾಗ ಮತ್ತ ಅಂದ,
"ಇಲ್ಲಿ ಬ್ಯಾಟರಿ ಬಿಚ್ಚೂದಿಲ್ಲ, ಹಾಕೂದಿಲ್ಲ.
ಒಂದು ಕಿಡಿ ಸಾಕು,
ನನ್ನ ಪಿಂಚಣಿ, ನಿನ್ನ ಪಗಾರ, ಎರಡೂ ಒಮ್ಮೆಗೇ ಚುಕ್ತಾ."

"ಒತ್ತಿದಾಗ ನೀ ಕಿವುಡಿ. ಬಿಟ್ಟಾಗ ಮೂಗಿ.
ಇಬ್ಬರೂ ಒತ್ತಿದ್ರ ಯಾರ ಮಾತೂ ಯಾರಿಗೂ ಮುಟ್ಟೂದಿಲ್ಲ."
ನಮ್ಮ ಮನ್ಯಾಗ ನಾವು ಮೂರು ಮಂದಿ ಕಾಕಾ,
ಮೂರೂ ಮಂದಿ ಒತ್ತಿಕೊಂಡೇ ಇರತೀವಿ, ಅಂದೆ.
ಇದಕ್ಕ ನಕ್ಕ.

ಕಡೀ ದಿನ, ಶಾಲು ಹಾರ ಎಲ್ಲಾ ಮುಗದ ಮ್ಯಾಲ
ಹಳಿ ಬಾಜೂಕ ಕರಕೊಂಡು ಹೋಗಿ ಹೇಳಿದ:
"ಹಿಂದಕ್ಕ ದೂಡುವಾಗ ಡ್ರೈವರಗ ಕಣ್ಣಿಲ್ಲ.
ಎಣಿಸ್ತಾ ಇರು, ನಡುವ ನಿಲ್ಲಿಸಬ್ಯಾಡ.
ನಿನ್ನ ದನಿ ಕಡದ್ರ ಅಂವ ಬ್ರೇಕ್ ಹಾಕಬೇಕು.
ಸೆಟ್ಟು ಕೆಟ್ಟಿರಲಿ, ನೀನೇ ಕೆಟ್ಟಿರಲಿ,
ಯಾಕಂತ ಕೇಳೂದು ನಿಂತ ಮ್ಯಾಲ."

ನಾಕು ತಿಂಗಳಾತು. ಗೋಧಿ ತುಂಬಿದ ಇಪ್ಪತ್ತೊಂದು ಡಬ್ಬಿ,
ಬೆಳಗಿನ ಐದು ಗಂಟೆ, ಲೈಟಿನ ಕೆಳಗ ಹೊಗಿ ಹೊಗಿ ಮಂಜು.
ಐದು ಡಬ್ಬಿ.
ನಾಕು ಡಬ್ಬಿ.
ಮೂರು.
ಹಳಿ ಮ್ಯಾಲ ಒಬ್ಬಾಂವ,
ತಲಿ ಮ್ಯಾಲ ಚುರಮರಿ ಚೀಲ, ಕಿವಿಯಾಗ ವಾಯರು,
ಬೆನ್ನು ನಮ್ಮ ಕಡೆ.
ಬೆರಳು ಗುಂಡಿ ಒತ್ತೇ ಇತ್ತು. ಬಾಯಿ ತೆರದೇ ಇತ್ತು.
ಎರಡು ಅನ್ನಲಿಲ್ಲ. ನಿಲ್ಲು ಅನ್ನಲಿಲ್ಲ.
ಕಲತದ್ದೆಲ್ಲಾ ಗಂಟಲಿನಾಗ ಒಣ ರೊಟ್ಟಿ.

ಗಾಲಿ ಕಿರಗುಟ್ಟಿದವು. ಕೊಂಡಿಗೆ ಕೊಂಡಿ ಬಡಿದು
ಉದ್ದಕೂ ಒಂದು ಗುಡುಗು ಓಡಿ ಬಂದು
ನನ್ನಿಂದ ಎಂಟು ಹೆಜ್ಜಿಗೆ ನಿಂತಿತು.
ಬೆವತ ಬೆರಳು ಜಾರಿ ಗುಂಡಿ ಬಿಟ್ಟಾಗ ಕೇಳಿತು:
"ಹದಿನೇಳು, ದನಿ ಬರಲಿಲ್ಲ. ನಿಂತೀನಿ. ಓವರ್."

ಹಳಿ ನಡುವ ಬೆಳ್ಳಗ ಚುರಮರಿ.
ಅಂವ ಬಗ್ಗಿ ಬಳಕೋತ
ಚೀಲ ಒಡದದ್ದಕ್ಕ ನನಗೇ ಬೈದ.

ಆಫೀಸಿನಾಗ ಕೇಳಿದರು, ಸೆಟ್ಟು ಸರಿ ಐತೇನು?
ಸರಿ ಐತ್ರಿ, ಅಂದೆ.
ಒಣ ಅರಿವಿಲೇ ಒರಸಿ ಚಾರ್ಜರಿಗೆ ಇಟ್ಟೆ, ಕೆಂಪು ದೀಪ ಹತ್ತಿತು.
ಅದು ಹಸಿರಾಗೂತನಕ ಕಾಯಲಿಲ್ಲ.
ಹೊರಗ ಬಂದು ಇಮಾಮಹುಸೇನ ಕಾಕಾಗ ಫೋನ್ ಹಚ್ಚಿದೆ.
ನಿದ್ದಿಗಣ್ಣಾಗ, "ಯಾರು?" ಅಂದ.
ನಾ ಒಂದು ಉಸಿರು ತಡದೆ.